ಲೌರಿ ಸಾಹೇಬರ ಎರಡು ಬೆರಳು

ಮಾತನಾಡುವ ಸಮಯ ಬೇಕೆಂದು ಪಕ್ಷೇತರ ಸದಸ್ಯ ಮೈಕೆಲ್ ಲೌರಿ ಮತ್ತು ಸಂಗಡಿಗರು ಐರ್ಲೆಂಡಿನ ಸಂಸತ್ತನ್ನು ಎರಡು ತಿಂಗಳು ಕುಣಿಸಿದರು. 2025ರ ಮಾರ್ಚ್‌ನಲ್ಲಿ ನೋಡಿದರೆ ಲೌರಿಯವರಿಗೆ ಮಾತೇ ಬೇಕಾಗಲಿಲ್ಲ. ಮೊಬೈಲ್ ಹಿಡಿದು ಚಿತ್ರೀಕರಿಸುತ್ತಿದ್ದ ವಿರೋಧ ಪಕ್ಷದ ಪಾಲ್ ಮರ್ಫಿಯವರತ್ತ ಎರಡು ಬೆರಳೆತ್ತಿ ತೋರಿಸಿದರು. ಆ ದೇಶದಲ್ಲಿ ಅಂಗೈ ಎದುರಿನವರತ್ತ ಇದ್ದರೆ ಗೆಲುವು, ತನ್ನತ್ತಲೇ ತಿರುಗಿದ್ದರೆ ಬೈಗುಳ. ಇವರದು ತಮ್ಮತ್ತಲೇ ಇತ್ತು.

ಲೆಕ್ಕ ಹೇಳಿಕೊಡುತ್ತಿದ್ದರೋ ಏನೋ! 174 ಸದಸ್ಯರ ಸದನದಲ್ಲಿ ಸರ್ಕಾರ ಕಟ್ಟಹೊರಟ ಫಿಯನ್ನಾ ಫಾಯ್ಲ್, ಫಿನೆ ಗೇಲ್ ಪಕ್ಷಗಳೆರಡೂ ಸೇರಿ 86. ಬಹುಮತಕ್ಕೆ ಎರಡು ಕಡಿಮೆ. ಅಷ್ಟು ಸಾಕಾಯಿತು. ಸರ್ಕಾರಕ್ಕೆ ಬೆಂಬಲವನ್ನೂ ಕೊಡುತ್ತೇವೆ, ವಿರೋಧ ಪಕ್ಷದ ಪಾಲಿನ ಸಮಯವನ್ನೂ ತಿನ್ನುತ್ತೇವೆ ಎಂದಿತು ಲೌರಿಯವರ ಪಕ್ಷೇತರರ ಗುಂಪು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ! ಜನವರಿ 22ರಂದು ಗದ್ದಲವೆದ್ದು ಮೀಹಾಲ್ ಮಾರ್ಟಿನ್ ಪ್ರಧಾನಿಯಾಗಲು ಮರುದಿನದವರೆಗೆ ಕಾಯಬೇಕಾಯಿತು.

ಸಾಹೇಬರ ಮೂಲ ಕಸುಬು ಅಂಗಡಿಗಳಿಗೆ ಶೈತ್ಯೀಕರಣ ಯಂತ್ರ ಅಳವಡಿಸುವುದು. ಕಂಪನಿಯ ಹೆಸರು, ನಂಬಿ, ಗರುಡ. ವಿಷ್ಣುವಿಗೂ ಸುಳಿವಿಲ್ಲದೆ ವಾಹನ ಇವರ ಊರಾದ ಟಿಪ್ಪರೆರಿಗೆ ಹೋದದ್ದು ಹೇಗೋ! ದೊಡ್ಡ ಗಿರಾಕಿ ಡನ್ಸ್ ಸ್ಟೋರ್ಸ್. ಆ ಅಂಗಡಿಯ ದುಡ್ಡಿನಲ್ಲೇ ಹೋಲಿಕ್ರಾಸ್‌ನಲ್ಲಿರುವ ಇವರ ಮನೆ ನವೀಕರಣವಾಗಿದೆ ಎಂಬ ಸುದ್ದಿ ಹೊರಬಿದ್ದು 1996ರಲ್ಲಿ ಸಚಿವ ಸ್ಥಾನ ಹೋಯಿತು. ಆಗ ಇವರಿದ್ದ ಫಿನೆ ಗೇಲ್ ಪಕ್ಷವೂ ಕೈಬಿಟ್ಟಿತು. 1997ರಲ್ಲಿ ಪಕ್ಷೇತರರಾಗಿ ನಿಂತರು, ಗೆದ್ದರು. ಅಂದಿನಿಂದ ಸೋತೇ ಇಲ್ಲ. 2018ರಲ್ಲಿ ತೆರಿಗೆ ಪ್ರಕರಣದಲ್ಲಿ 15,000 ಯೂರೋ ದಂಡ ಬಿತ್ತು. ಮುಂದಿನ ಚುನಾವಣೆಯಲ್ಲೂ ಗೆದ್ದರು. ಟಿಪ್ಪರೆರಿಯ ಮತದಾರರನ್ನು ಬೈಯುವುದು ಸುಲಭ. ಊರಿನ ಕೆಲಸ ಮಾಡಿಕೊಡುವವರಿಗೆ ಅವರು ಮತ ಹಾಕುತ್ತಾರೆ, ಅದರಲ್ಲಿ ಗುಟ್ಟೇನೂ ಇಲ್ಲ.

ಡಬ್ಲಿನ್‌ನಲ್ಲಿ ಕುಳಿತವರಿಗೇನಾಗಿತ್ತು? ಮೊರಿಯಾರ್ಟಿ ವಿಚಾರಣಾ ಆಯೋಗ 1997ರಿಂದ 2011ರವರೆಗೆ ತಡಕಾಡಿ, ಮೊಬೈಲ್ ಸೇವೆಯ ಪರವಾನಗಿ ಉದ್ಯಮಿ ಡೆನಿಸ್ ಓಬ್ರಿಯನ್ ಅವರ ಕಂಪನಿಗೆ ಸಿಗುವಂತೆ ಲೌರಿ ಸಚಿವರಾಗಿದ್ದಾಗ ಮಾಹಿತಿ ಕೊಟ್ಟು ನೆರವಾದರು ಎಂದು ಬರೆಯಿತು. ಇಬ್ಬರೂ ಅದನ್ನು ತಳ್ಳಿಹಾಕಿದರು, ಸರಿ. ಆದರೆ ಅದೇ 2011ರಲ್ಲಿ ಸದನ ಒಮ್ಮತದಿಂದ ಇವರ ರಾಜೀನಾಮೆ ಕೇಳಿತ್ತು. ಆಗಲೂ ಫಿಯನ್ನಾ ಫಾಯ್ಲ್‌ಗೆ ಮಾರ್ಟಿನ್ ಅವರೇ ನಾಯಕರು. ಹದಿನಾಲ್ಕು ವರ್ಷ ವಕೀಲರಿಗೆ ದುಡ್ಡು ಸುರಿದು ವರದಿ ಬರೆಸಿದ್ದು ಯಾರಿಗೆ ಓದಲು? ಸಾಲದೆಂದು, ಆ ಗುಂಪಿನವರನ್ನೇ ಸ್ಪೀಕರ್ ಮಾಡಿದರು, ಕೆಲವರನ್ನು ಕಿರಿಯ ಸಚಿವರನ್ನಾಗಿಸಿದರು. ರಾಜೀನಾಮೆ ಕೊಡಿ ಎಂದು ಹೇಳಿಸಿಕೊಂಡವರೊಂದಿಗೇ ಸರ್ಕಾರ ಕಟ್ಟಲು ಕುಳಿತಾಗ ಒಬ್ಬರಿಗಾದರೂ ನಾಚಿಕೆಯಾಗಲಿಲ್ಲವೇ?