ದಾರಿಯಲ್ಲಿ ಕಳೆಯೋ ಹೊತ್ತಿಗೆ ಸಂಬಳ ಯಾರು ಕೊಡ್ತಾರೆ?

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ, ಬರೆದು ಮುಗಿಸದೆ ಸಮಾಧಾನ ಆಗಲ್ಲ. ತಂಗಿ ಮಗ ಎರಡು ಆಫರ್ ಲೆಟರ್ ಹಿಡ್ಕೊಂಡು ಬಂದಿದ್ದ. ಒಂದು ಆಫೀಸು ಮನೆಯಿಂದ 20 ನಿಮಿಷ, ಇನ್ನೊಂದಕ್ಕೆ ಒಂದೂವರೆ ಗಂಟೆ, ಆದ್ರೆ ದೂರದ್ದರಲ್ಲಿ ಸಂಬಳ ಶೇಕಡಾ 25 ಜಾಸ್ತಿ. ಕೂತಿದ್ದವರೆಲ್ಲಾ ಒಂದೇ ಉಸಿರಲ್ಲಿ "ಇದ್ರಲ್ಲಿ ಯೋಚ್ನೆ ಮಾಡೋದೇನಿದೆ, ಜಾಸ್ತಿ ಕೊಡೋ ಕಡೆ ಹೋಗು" ಅಂದ್ಬಿಟ್ರು. ಒಬ್ರೂ ಲೆಟರಿನ ಎರಡನೇ ಪುಟ ತಿರುಗಿಸಿ ನೋಡಲಿಲ್ಲ. ಅವನು ನನ್ನ ಕಡೆ ತಿರುಗಿ "ದೊಡ್ಡಮ್ಮ, ನೀನೇನಂತೀಯ?" ಅಂದಾಗ ನಂಗೆ ನಿಜವಾಗ್ಲೂ ಸಿಟ್ಟು ಬಂದಿತ್ತು, ಅವನ ಮೇಲಲ್ಲ.

ಒಂದು ಕಾಗದ ತಗೊಂಡು ಲೆಕ್ಕ ಹಾಕಿ ತೋರಿಸ್ದೆ. ಎರಡೂ ಕಡೆ ಕೆಲಸ ದಿನಕ್ಕೆ 9 ಗಂಟೆ. ಹೋಗಿ ಬರೋದು ಸೇರಿಸಿದ್ರೆ ಹತ್ತಿರದ್ದು 9 ಗಂಟೆ 40 ನಿಮಿಷ, ದೂರದ್ದು ಪೂರ್ತಿ 12 ಗಂಟೆ. ತಿಂಗಳಿಗೆ 22 ದಿನ ಅಂದ್ರೆ 51 ಗಂಟೆ ಹೆಚ್ಚು, ಅಂದ್ರೆ ಐದೂವರೆ ದಿನಕ್ಕೂ ಮೀರಿದ ಆಫೀಸಿನ ಹೊತ್ತು. ಸಂಬಳ ಶೇಕಡಾ 25 ಏರಿತು, ಅದಕ್ಕೆ ನೀನು ಕೊಡೋ ಹೊತ್ತು ಶೇಕಡಾ 24 ಏರಿತು. ಇದನ್ನ ಸಂಬಳ ಜಾಸ್ತಿ ಆಯ್ತು ಅಂತಾರೇನಪ್ಪ?

ಇನ್ನೂ ಮುಗಿದಿಲ್ಲ. ಹತ್ತಿರದ್ದು 100 ಅಂತಿಟ್ಕೊಂಡ್ರೆ ದೂರದ್ದು 125. ಆ ಮೇಲಿನ 25ಕ್ಕೆ ತೆರಿಗೆ ಬೀಳೋದು ನಿಮ್ಮ ಆದಾಯ ಮುಟ್ಟೋ ಕಡೇ ಸ್ಲ್ಯಾಬಿನ, ಅಂದ್ರೆ ಅತೀ ಮೇಲಿನ ತೆರಿಗೆ ಹಂತದ, ದರದಲ್ಲಿ. ಅದು ಶೇಕಡಾ 30 ಅಂತಾದ್ರೆ ಕೈಗೆ ಬರೋದು ಹದಿನೇಳೂವರೆ. ಪೆಟ್ರೋಲು, ಟಿಕೆಟ್ಟು, ಗಾಡಿ ಸವೆತ ಎಲ್ಲಾ ಸೇರಿ 8 ಹೋದ್ರೆ ಉಳಿಯೋದು ಒಂಬತ್ತೂವರೆ. ತಿಂಗಳಿಗೆ 51 ಗಂಟೆ ಅದಕ್ಕೋಸ್ಕರ!

ಮತ್ತೆ ದೂರದ ಕಂಪನಿ ಲೆಟರಿನ ಆ ಎರಡನೇ ಪುಟ. ಒಟ್ಟು ಮೊತ್ತದಲ್ಲಿ ಒಂದಷ್ಟು ವೇರಿಯಬಲ್ ಪೇ, ಅದು ಬಂದ್ರೆ ಬಂತು. ನಿವೃತ್ತಿ ನಿಧಿಗೆ ಕಂಪನಿ ಕಟ್ಟೋ ಪಾಲನ್ನೂ ಸಂಬಳದ ಒಳಗೇ ಎಣಿಸಿದಾರೆ. ಜಾಯ್ನಿಂಗ್ ಬೋನಸ್ ಇದೆ, ಆದ್ರೆ ವರ್ಷದೊಳಗೆ ಬಿಟ್ರೆ ವಾಪಸ್ ಕಟ್ಬೇಕು. ಹೆಲ್ತ್ ಇನ್ಶೂರೆನ್ಸ್ ಅವನೊಬ್ಬನಿಗೆ ಮಾತ್ರ, ಹತ್ತಿರದ ಕಂಪನಿಯಲ್ಲಿ ಅಪ್ಪ ಅಮ್ಮನಿಗೂ ಇದೆ. ಅವನ ಅಪ್ಪನ ಸಕ್ಕರೆ ಕಾಯಿಲೆ ನೋಡ್ತಾ ಇರೋ ಮನೇಲಿ ಇದು ಸಣ್ಣ ವಿಷಯನಾ? ವಾರಕ್ಕೆ 2 ದಿನ ಮನೆಯಿಂದ ಕೆಲಸ ಅಂತ ಎಚ್ಆರ್ ಫೋನಲ್ಲಿ ಹೇಳಿದಾರಂತೆ. ಅದು ನಿಜವಾದ್ರೆ ನನ್ನ ಲೆಕ್ಕ ಸುಮಾರು ಬದಲಾಗುತ್ತೆ, ಒಪ್ತೀನಿ. ಆದ್ರೆ ಲೆಟರಿನಲ್ಲಿ ಒಂದು ಸಾಲಿಲ್ಲ, ಬಾಯಿಮಾತನ್ನ ನಂಬ್ಕೊಂಡು ಸಹಿ ಹಾಕೋದಾ?

"ಮುಂದಿನ ಇನ್‌ಕ್ರಿಮೆಂಟು ಜಾಸ್ತಿ ಬೇಸಿಕ್ ಸಂಬಳದ ಮೇಲೆ ಬರುತ್ತೆ, ಹತ್ತು ವರ್ಷ ನೋಡಿ ಹೇಳು" ಅಂದ್ರು ಅವನ ಅಪ್ಪ. ಮಾತು ಸುಳ್ಳಲ್ಲ. ಆದ್ರೆ ಹತ್ತು ವರ್ಷ ಆ ದಾರೀಲಿ ತಾಳ್ಕೊಂಡವರಿಗೆ ಮಾತ್ರ ಅದು, ಎಷ್ಟು ಜನ ತಾಳ್ಕೋತಾರೆ? ಸಾಲದ ಹೊರೆ ಇರೋರು, ಬೇರೆ ಆಫರೇ ಇಲ್ಲದೋರು ಹೋಗಲೇಬೇಕು, ಅವರ ಬಗ್ಗೆ ನಾನು ಒಂದು ಮಾತೂ ಆಡಲ್ಲ. ಕೈಯಲ್ಲಿ ಎರಡು ಕಾಗದ ಇರೋನು ಯಾಕೆ ಕಣ್ಮುಚ್ಕೊಂಡು ಆರಿಸ್ಬೇಕು ಅನ್ನೋದಷ್ಟೇ ನನ್ನ ಜಗಳ.

"ಅಭ್ಯಾಸ ಆಗೋಗುತ್ತೆ" ಅಂತ ಇನ್ನೊಬ್ರು. ಆಗಲ್ಲ ರೀ. ಸ್ಟುಟ್ಝರ್ ಮತ್ತೆ ಫ್ರೈ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಸಾವಿರಾರು ಮನೆಗಳ ಮಾಹಿತಿ ಇಟ್ಕೊಂಡು ನೋಡಿ, 2008ರಲ್ಲಿ ಪ್ರಕಟಿಸಿದ್ದು ಇದನ್ನೇ: ಓಡಾಟ ಉದ್ದ ಆದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳ್ಕೋತಾರೆ, ಸಿಗೋ ಸಂಬಳ, ಮನೆ ಇವೆಲ್ಲ ಆ ನಷ್ಟ ಪೂರ್ತಿ ತುಂಬಲ್ಲ. 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ತಂಡ ಟೆಕ್ಸಾಸಿನ 909 ಉದ್ಯೋಗಸ್ಥ ಹೆಂಗಸರ ದಿನಚರಿ ಕೇಳಿದಾಗಲೂ, ಬೆಳಗಿನ ಆಫೀಸ್ ಪ್ರಯಾಣಾನೇ ದಿನದ ಅತೀ ಬೇಸರದ ಹೊತ್ತುಗಳಲ್ಲಿ ಒಂದು ಅಂತ ಬಂತು.

ನಂಗೆ ಇದನ್ನ ಯಾವ ಅಧ್ಯಯನಾನೂ ಹೇಳ್ಕೊಡ್ಬೇಕಿರಲಿಲ್ಲ. ನಾನೇ ನಾಲ್ಕು ವರ್ಷ ದೂರದ ಆಫೀಸಿಗೆ ಓಡಾಡಿದ್ದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ದಿನಾ ಮೂರು ಗಂಟೆ ದಾರಿ, ಬೆನ್ನು ಹಿಡ್ಕೊಂಡಿದ್ದು, ಫಿಸಿಯೋಥೆರಪಿಗೆ ಸುರಿದಿದ್ದು. ಯಾರಿಗೂ ಹೇಳದೇ ಇರೋದು ಒಂದಿದೆ. ರಾತ್ರಿ ನಾನು ಬಂದಾಗ ಮಗಳು ಬಾಗಿಲು ತೆಗೆದು ಮೊದಲು ನನ್ನ ಮುಖ ನೋಡ್ತಿದ್ಳು, ಇವತ್ತು ಅಮ್ಮನ ಹತ್ರ ಮಾತಾಡ್ಬಹುದಾ ಬೇಡ್ವಾ ಅಂತ. ಆರು ವರ್ಷದ ಮಗು. ಆ ನೋಟ ಯಾವ ಪೇ ಸ್ಲಿಪ್ಪಿನಲ್ಲೂ ಕಡಿತ ಅಂತ ಬರಲಿಲ್ಲ.

ಹುಡುಗನಿಗೆ ಇಂಥದ್ದೇ ಸೇರ್ಕೋ ಅಂತ ನಾನು ಹೇಳಿಲ್ಲ. ಭಾನುವಾರ ಮ್ಯಾಪ್ ನೋಡಿ ಒಂದೂವರೆ ಗಂಟೆ ಅಂತಿದೀಯ, ಸೋಮವಾರ ಆಫೀಸ್ ಟೈಮಿಗೆ ಅಲ್ಲಿಗೆ ಹೋಗು, ಸಂಜೆ ಎಲ್ಲರೂ ಬಿಡೋ ಹೊತ್ತಿಗೆ ವಾಪಸ್ ಹೊರಡು, ಮನೆ ಬಾಗಿಲಿಗೆ ಬಂದಾಗ ಗಡಿಯಾರ ನೋಡ್ಕೋ ಅಂದೆ. ಮನೆಯಿಂದ ಕೆಲಸದ ವಿಷಯ ಮೇಲ್‌ನಲ್ಲಿ ಬರೆಸ್ಕೋ ಅಂದೆ. ಹೋಗಿ ಬರ್ತೀನಿ ಅಂದಿದಾನೆ. ಅಲ್ಲಿ ತನಕ ದಯವಿಟ್ಟು ಯಾರೂ ಅವನಿಗೆ ಫೋನ್ ಮಾಡಿ ಕಂಗ್ರಾಟ್ಸ್ ಹೇಳ್ಬೇಡಿ.