ರೀಲಿನಾಗ ಗೀಜಗನ ಗೂಡು

"ಕಾಕಾ, ಇದೊಂದೀಟು ಬಿಡಸಿ ಕೊಡ್ರಿ."

ಭಾನುವಾರ ಬೆಳಿಗ್ಗೆ ಆರೂವರೆ. ಬೆಣ್ಣೆತೊರಾ ಡ್ಯಾಮಿನ ಏರಿಗೆ ಹಾಸಿದ ಪಿಚಿಂಗ್ ಕಲ್ಲು ಇನ್ನೂ ತಣ್ಣಗಿದೆ. ಮುಳುಗಿ ಒಣಗಿದ ಜಾಲಿಗಿಡದ ಬುಡದಲ್ಲಿ ಕೊರಮೀನು ಮೇಲೆ ಬಂದು "ಗುಳಕ್" ಎಂದು ಉಸಿರು ತೆಗೆದುಕೊಂಡು ಹೋಗುವ ಹೊತ್ತು. ಕಲಬುರಗಿ ಸೀಮೆಯಲ್ಲಿ ಗಾಳ ಹಾಕುವವನಿಗೆ ದಿನಕ್ಕೆ ಸಿಗುವುದು ಅದೊಂದೂವರೆ ತಾಸು. ಎಂಟಕ್ಕೆ ಬಿಸಿಲು ಬರುತ್ತದೆ, ಒಂಬತ್ತಕ್ಕೆ ಮನೆಯಿಂದ ಫೋನು ಬರುತ್ತದೆ. ಅದರಲ್ಲಿ ಮುಕ್ಕಾಲು ತಾಸು ಇನ್ನೊಬ್ಬರ ರೀಲಿನ ಸಿಕ್ಕು ಬಿಡಿಸುವುದಕ್ಕೇ ಹೋದರೆ ಸಿಟ್ಟು ಬರಬೇಕೋ ಬಾರದೋ ನೀವೇ ಹೇಳ್ರಿ.

ಹುಡುಗ ಕೆಟ್ಟವನಲ್ಲ. ವಾರವಿಡೀ ರಾತ್ರಿ ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೊ ನೋಡುತ್ತಾನೆ, ಭಾನುವಾರ ಆ ವಿದ್ಯೆಯನ್ನೆಲ್ಲ ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ಮೊದಲ ಸಲ ಬಂದಾಗ ಕಾವಲುಗಾರ "ಎಲ್ಲಿಗಪಾ ಇಷ್ಟ್ ಸಾಮಾನು?" ಅಂದದ್ದಕ್ಕೆ "ಬಾಸ್ ಹಿಡೀಲಿಕ್ಕ ರೀ" ಅಂದನಂತೆ. ಕಾವಲುಗಾರ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಸಾಹೇಬ್ರು ಇವತ್ತ ರಜಾದಾಗ ಅದಾರ" ಅಂದ.

ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಬಾಯಿ ಮುಚ್ಚಿಕೊಂಡಾಗಲೂ ಮೇಲ್ದವಡೆಯ ತುದಿ ಕಣ್ಣು ದಾಟಿ ಹಿಂದಕ್ಕೆ ಹೋಗುವಷ್ಟು ದೊಡ್ಡ ಬಾಯಿ ಅದರ ಒಂದು ಜಾತಿಗೆ. ಅದು ಬೆಣ್ಣೆತೊರಾದಲ್ಲಿಲ್ಲ, ಭೀಮೆಯಲ್ಲಿಲ್ಲ, ಬೀದರಿನ ಕಾರಂಜಾದಲ್ಲೂ ಇಲ್ಲ. ಇಲ್ಲಿರುವುದು ಕೊರಮೀನು. ಪೇಟೆಯಲ್ಲಿ ಮುರ್ರೆಲ್ ಅನ್ನುತ್ತಾರೆ. ಗುಣದಲ್ಲಿ ಎರಡೂ ಒಂದೇ ಓಣಿಯ ರೌಡಿಗಳು. ಕಸ, ಕೊರಡು, ಜೊಂಡಿನ ಮರೆಯಲ್ಲಿ ಅಲ್ಲಾಡದೆ ನಿಂತು, ಎದುರಿಗೆ ಬಂದದ್ದನ್ನು ಒಂದೇ ಏಟಿಗೆ ನುಂಗುತ್ತವೆ. ಹೀಗಾಗಿ ವಿಡಿಯೊದ ಅರ್ಧ ಪಾಠ ಇಲ್ಲಿಗೂ ಸರಿಹೊಂದುತ್ತದೆ. ಕಷ್ಟ ಏನೆಂದರೆ, ಯಾವ ಅರ್ಧ ಅಂತ ವಿಡಿಯೊದವರು ಹೇಳುವುದಿಲ್ಲ.

ಮಾರ್ಚ್-ಏಪ್ರಿಲ್ ಹೊತ್ತಿಗೆ ನೀರು 15-20 ಡಿಗ್ರಿಗೆ ಬಂದಾಗ ಬಾಸ್ ಮೊಟ್ಟೆ ಇಡಲು ದಂಡೆಯ ತೆಳುನೀರಿಗೆ ಸರಿಯುತ್ತದೆ, ಆಗ ದಂಡೆ ಹಿಡಿದು ಹುಡುಕಿರಿ ಎನ್ನುತ್ತಾರೆ. ಇವನು ಏಪ್ರಿಲ್‌ನಲ್ಲಿ ಥರ್ಮಾಮೀಟರು ತಂದಿದ್ದ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮೀನು ಎಲ್ಲಿಗೂ ಸರಿಯುವುದಿಲ್ಲ. ನೀರೇ ಸರಿಯುತ್ತದೆ. ಕೊರಮೀನು ಮರಿ ಮಾಡುವುದು ಮಳೆಗಾಲದಲ್ಲಿ. ಕೆಂಪು-ಕಿತ್ತಳೆ ಬಣ್ಣದ ಮರಿಗಳ ಮುದ್ದೆ ನೀರಿನ ಮೇಲೆ ಕುದಿಯುವ ಸಾರಿನ ಹಾಗೆ ತಕತಕ ಅನ್ನುತ್ತದೆ, ತಂದೆ-ತಾಯಿ ಕೆಳಗೇ ಕಾವಲಿರುತ್ತವೆ. ಆಗ ಅಲ್ಲಿಗೆ ಏನು ಎಸೆದರೂ ಸಿಟ್ಟಿಗೆ ಬಂದು ಕಚ್ಚುತ್ತವೆ. ಅದನ್ನು ಜಾಣತನ ಅಂದುಕೊಂಡು ಎಸೆಯುವವರಿದ್ದಾರೆ. ದೊಡ್ಡದನ್ನು ಎತ್ತಿದ ಮೇಲೆ ಮರಿಗಳು ಉಳಿದ ಮೀನಿಗೆಲ್ಲ ಚುರುಮುರಿ. ಮುದ್ದೆ ಕಂಡರೆ ಗಾಳ ಸುತ್ತಿಕೊಂಡು ಮುಂದೆ ನಡೀರಿ.

ಇನ್ನು ಹೆಬ್ಬೆರಳಿನ ಪಾಠ. ಬಾಸಿನ ಹಲ್ಲು ಪಾಲಿಶ್ ಪೇಪರಿನಷ್ಟೇ ಒರಟು. ಅದಕ್ಕೇ ವಿಡಿಯೊದವರು ಅದರ ಬಾಯೊಳಗೆ ಹೆಬ್ಬೆರಳಿಟ್ಟು, ಕೆಳತುಟಿ ಹಿಡಿದು, ನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ಕೊರಮೀನಿನ ಹಲ್ಲು ನಿಜವಾದ ಹಲ್ಲು, ನಾಯಿಗಿದ್ದ ಹಾಗೆ. ಅದನ್ನು ಒದ್ದೆ ಟವೆಲಿನಲ್ಲಿ ಕಿವಿರಿನ ಹಿಂದೆ ಒತ್ತಿ ಹಿಡಿದು, ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸಬೇಕು. ಹೋದ ವಾರ ಹುಡುಗ ನಗುತ್ತ ಹೆಬ್ಬೆರಳಿಟ್ಟ. ಫೋಟೊ ಬಂದಿದೆ, ನಗು ಬಂದಿಲ್ಲ.

ಈ ವಾರದ ಸಿಕ್ಕಿಗೆ ಮೂಲ ಅದೇ ಹೆಬ್ಬೆರಳು. ಹೇಗೆಂದು ತಿಳಿಯಬೇಕಾದರೆ ರೀಲು ತಿಳಿಯಬೇಕು.

ರೀಲಿನಲ್ಲಿ ಮುಖ್ಯವಾಗಿ ಎರಡು ನಮೂನೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ದಾರದ ಉಂಡೆ ತಿರುಗುವುದಿಲ್ಲ, ದಾರ ಮಾತ್ರ ಸುರುಳಿ ಬಿಚ್ಚಿ ಹೋಗುತ್ತದೆ. ಬೇಟ್‌ಕಾಸ್ಟರ್‌ನಲ್ಲಿ ಉಂಡೆಯೇ ತಿರುಗುತ್ತದೆ, ಪತಂಗದ ಚರಖಿಯ ಹಾಗೆ. ಪತಂಗ ಗೋತಾ ಹೊಡೆದರೂ ಚರಖಿ ತಿರುಗುತ್ತಲೇ ಇದ್ದರೆ ಮಾಂಜಾ ಹಿಡಿದವನ ಕಾಲಿಗೇ ಸುತ್ತಿಕೊಳ್ಳುವುದಿಲ್ಲವೇ? ಇಲ್ಲಿಯೂ ಅದೇ ಆಗುತ್ತದೆ. ಎಸೆದ ರಬ್ಬರ್ ಹುಳ ಗಾಳಿಗೆ ಸಿಕ್ಕು ನಿಧಾನವಾಗುತ್ತದೆ ಇಲ್ಲವೇ ನೀರಿಗೆ ಬಿದ್ದು ನಿಲ್ಲುತ್ತದೆ, ಉಂಡೆ ಮಾತ್ರ ಮೊದಲಿನ ಜೋರಿನಲ್ಲೇ ತಿರುಗುತ್ತದೆ. ಹೊರಗೆ ಹೋಗಲಾರದ ದಾರ ಒಳಗೇ ಉಬ್ಬಿ, ಕುಣಿಕೆ ಕುಣಿಕೆಯಾಗಿ, ಒಂದರೊಳಗೊಂದು ಹೊಕ್ಕು ಗೀಜಗನ ಗೂಡಾಗುತ್ತದೆ. ಗೀಜಗ ಬಾವಿ ಮೇಲಿನ ಜಾಲಿಗೆ ಗೂಡು ಕಟ್ಟಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ನಮ್ಮ ಹುಡುಗನಿಗೆ ಒಂದು ಸೆಕೆಂಡು ಸಾಕು.

ಇದನ್ನು ತಡೆಯುವುದು ಹೆಬ್ಬೆರಳ ಕೆಲಸ. ದಾರ ಹೋಗುವಷ್ಟು ಹೊತ್ತೂ ಉಂಡೆಯ ಮೇಲೆ ಬೆರಳು ಸವರಿಕೊಂಡೇ ಇರಬೇಕು, ಹುಳ ನೀರು ಮುಟ್ಟುವ ಕ್ಷಣ ಮುಂಚೆ ಒತ್ತಿ ನಿಲ್ಲಿಸಬೇಕು. ಆ ಬೆರಳಿಗೇ ಈಗ ಬದನೆಕಾಯಿ ಗಾತ್ರದ ಪಟ್ಟಿ ಕಟ್ಟಿದೆ. ಪಟ್ಟಿಗೆ ಏನು ಗೊತ್ತಾಗುತ್ತದೆ?

ಬೆರಳಿಲ್ಲದಿದ್ದರೂ ರೀಲಿನ ಮೇಲೆ ತಿರುಗಿಸುವ ಗುಬುಟುಗಳಾದರೂ ಇದ್ದವು. ಹ್ಯಾಂಡಲ್ ಬದಿಯಲ್ಲಿ ಉಂಡೆಯನ್ನು ಬಿಗಿ ಮಾಡುವ ಗುಬುಟು ಇರುತ್ತದೆ. ಹುಳ ಕಟ್ಟಿ, ಕೋಲನ್ನು ಮುಂದಕ್ಕೆ ಚಾಚಿ, ಉಂಡೆಯನ್ನು ಸಡಿಲ ಬಿಡುವ ಗುಂಡಿ ಒತ್ತಿದರೆ ಹುಳ ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಉಂಡೆಯೂ ನಿಲ್ಲಬೇಕು. ಅಷ್ಟಕ್ಕೆ ಬಿಗಿ ಮಾಡಿಕೊಳ್ಳುವುದು. ಇನ್ನೊಂದು ಬದಿಯಲ್ಲಿ ಬ್ರೇಕಿನ ಗುಬುಟು. ಕಲಿಯುವವರು 10ರಲ್ಲಿ 8ಕ್ಕೆ ಇಟ್ಟು, ಕೈ ಕೂತ ಹಾಗೆ ಇಳಿಸಿಕೊಂಡು ಬರುತ್ತಾರೆ. ಇವನದು 0ಯಲ್ಲಿತ್ತು. "ದೊಡ್ಡ ಆಟಗಾರರು ಸೊನ್ನೀಗೇ ಇಡ್ತಾರ್ರಿ ಕಾಕಾ." ಉಂಡೆಯ ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗೆ ದಾರ ನಿಲ್ಲಿಸಬೇಕಾದಲ್ಲಿ, ದುಡ್ಡು ಕೊಟ್ಟದ್ದು ಯಾಕೆ ಬಿಡಬೇಕೆಂದು ಅಂಚು ತುಂಬಿ ಚೆಲ್ಲುವ ಹಾಗೆ ಸುತ್ತಿದ್ದ. ತುದಿಗೆ ನಾಲ್ಕು ಗ್ರಾಂ ತೂಗದ ರಬ್ಬರ್ ಹುಳ. ಅಷ್ಟು ಹಗುರದ್ದು ಸಾಮಾನ್ಯ ಬೇಟ್‌ಕಾಸ್ಟರ್ ಉಂಡೆಯನ್ನು ಸಲೀಸಾಗಿ ಎಳೆಯಲಾರದು. ಹತ್ತು-ಹನ್ನೆರಡು ಗ್ರಾಮಿನ ರಬ್ಬರ್ ಕಪ್ಪೆಯಾಗಿದ್ದರೆ ನಡೆಯುತ್ತಿತ್ತು. ಹುಳವೇ ಬೇಕೆಂದರೆ 2500 ನಂಬರಿನ ಸ್ಪಿನ್ನಿಂಗ್ ರೀಲು ಸಾಕು, ಗೂಡಿನ ಗೋಜೇ ಇಲ್ಲ. ಆದರೆ ಸ್ಪಿನ್ನಿಂಗ್ ರೀಲು ಕೊಳ್ಳುವುದು ಈಗಿನ ಹುಡುಗರಿಗೆ ಮೂರು ಗಾಲಿ ಸೈಕಲ್ ಕೊಂಡಷ್ಟು ಅವಮಾನ.

ಬಿಡಿಸುವ ಕ್ರಮ ಇದೆ. ಮೊದಲನೆಯದು, ಜಗ್ಗಬಾರದು. ಜಗ್ಗಿದರೆ ಕುಣಿಕೆ ಗಂಟಾಗುತ್ತದೆ. ನೈಲಾನ್ ದಾರ ಗಡುಸು, ಕುಣಿಕೆ ಕಣ್ಣಿಗಾದರೂ ಕಾಣುತ್ತದೆ. ಹೆಣೆದ ದಾರ ಕೂದಲಿನಷ್ಟು ಮೆತ್ತಗೆ, ಒಂದರಡಿಗೊಂದು ಕೊರೆದುಕೊಂಡು ಹೋಗುತ್ತದೆ. ಎರಡನೆಯದು, ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಬಿಟ್ಟುಕೊಡುವ ಹಿಡಿತ, ಬಿಗಿ ಮಾಡಿ, ಗೂಡಿನ ಮೇಲೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ, ಹ್ಯಾಂಡಲ್ ಎರಡು-ಮೂರು ಸುತ್ತು ತಿರುಗಿಸಬೇಕು. ಕುಣಿಕೆಗಳು ಅದುಮಿಕೊಂಡು ಒಂದಷ್ಟು ತಾವೇ ಜಾರಿಕೊಳ್ಳುತ್ತವೆ. ಆಮೇಲೆ ಗುಂಡಿ ಒತ್ತಿ ದಾರವನ್ನು ಮೆಲ್ಲಗೆ ಎಳೆಯುವುದು, ನಿಂತಲ್ಲಿ ಮತ್ತೆ ಒತ್ತಿ ತಿರುಗಿಸುವುದು. ಮೂರನೆಯದು ತಾಳ್ಮೆ. ಅದಕ್ಕೆ ಗುಬುಟಿಲ್ಲ.

ನಾಲ್ಕನೆಯದೂ ಒಂದಿದೆ, ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಗೂಡು ಕಟ್ಟಿದವನನ್ನು ದೂರ ಕೂಡಿಸಬೇಕು. ಇವನು ದೂರ ಕೂಡುವುದಿಲ್ಲ. ಹೆಗಲ ಮೇಲಿಂದ ಬಗ್ಗಿ ಉಸಿರು ಬಿಡುತ್ತಾನೆ. "ಕಾಕಾ, ಆ ಎಳಿ ಹಿಡೀರಿ. ಅದಲ್ರಿ, ಅದರ ಬಾಜೂದು." ಹಗಲಾದರೂ ಮೊಬೈಲ್ ಬ್ಯಾಟರಿ ಹಾಕಿ ನಮ್ಮ ಕಣ್ಣಿಗೇ ಬೆಳಕು ಬಿಡುತ್ತಾನೆ. ಐದು ನಿಮಿಷಕ್ಕೆ ಬೇಸರವಾಗಿ, ಸಿಕ್ಕು ಬಿಡಿಸುವುದು ಹೇಗೆಂಬ ವಿಡಿಯೊ ಜೋರು ದನಿಯಲ್ಲಿ ಹಚ್ಚುತ್ತಾನೆ. ಅದರಲ್ಲಿ ಟೋಪಿ ಹಾಕಿದ ಮನುಷ್ಯ ಎಂಟು ಸೆಕೆಂಡಿನಲ್ಲಿ ಬಿಡಿಸಿ ನಗುತ್ತಾನೆ. "ನೋಡ್ರಿ ಕಾಕಾ, ಅವ ಹೆಂಗ ಮಾಡಿದ." ಅಷ್ಟರಲ್ಲಿ ಹತ್ತು ಮಾರು ದೂರದಲ್ಲಿ ಗುಳಕ್. ಕೈಯಲ್ಲಿ ಅವನ ರೀಲು, ಕಲ್ಲಿನ ಮೇಲೆ ನಮ್ಮ ಕೋಲು. "ಕಾಕಾ, ಮೀನ ಉಸಿರ ತಗೊಂತು!" ಹೌದಪ್ಪಾ, ಅದಕ್ಕಾದರೂ ಬಿಡುವಿದೆ.

ರಬ್ಬರ್ ಹುಳದ ಕಟ್ಟೂ ಇಲ್ಲೇ ಬಂದುಹೋಗಲಿ. ಟೆಕ್ಸಸ್ ರಿಗ್ ಎನ್ನುತ್ತಾರೆ. ದಾರಕ್ಕೆ ಐದು-ಏಳು ಗ್ರಾಮಿನ ಗುಂಡಿನಾಕಾರದ ತೂಕ ಪೋಣಿಸಿ, ಕೆಳಗೆ 3/0 ಗಾತ್ರದ ಬಾಗುಕುತ್ತಿಗೆಯ ಗಾಳ ಕಟ್ಟುವುದು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಬೇಕು, ಒಣಗಂಟು ಬಿಸಿಯಾಗಿ ದಾರ ತಿನ್ನುತ್ತದೆ. ಗಾಳದ ಮೊನೆಯನ್ನು ಹುಳದ ತಲೆಯೊಳಗೆ ಅರ್ಧ ಸೆಂಟಿಮೀಟರ್ ಚುಚ್ಚಿ, ಹೊರತೆಗೆದು, ಅರ್ಧ ಸುತ್ತು ಹೊರಳಿಸಿ, ಮೊನೆಯನ್ನು ಹೊಟ್ಟೆಯಲ್ಲಿ ಮುಚ್ಚಿಡುವುದು. ಆಗ ಅದು ಜಾಲಿ ಕಂಟಿಯೊಳಗೂ ಸಿಗದೆ ಜಾರಿ ಬರುತ್ತದೆ. ಹುಳ ನೆಟ್ಟಗೆ ಜೋತುಬಿದ್ದಿರಬೇಕು. ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ದಾರಕ್ಕೆ ಹುರಿ ಬೀಳುತ್ತದೆ, ಆ ಹುರಿ ಮುಂದಿನ ಗೂಡಿಗೆ ಅಡಿಪಾಯ. 1949ರಲ್ಲಿ ಒಹಾಯೊದ ನಿಕ್ ಕ್ರೀಮ್ ಎಂಬುವರು ಈ ಮೆತ್ತನೆ ಹುಳ ಮಾಡಿದರು, ಮುಂದೆ ಮಾರಲೂ ಶುರುಮಾಡಿದರು. ಕುರಿ ಕಾಯುವ ಅಜ್ಜ ಹುಡುಗನ ಡಬ್ಬಿ ನೋಡಿ ಕೇಳಿದ್ದೊಂದೇ ಮಾತು: "ಯಾಕ ತಮ್ಮಾ, ನಿಮ್ಮೂರಾಗ ಎರಿಹುಳ ತೀರ್ಯಾವೇನು?"

ಅಜ್ಜನ ಮಾತಿಗೆ ಉತ್ತರ ಕೊಡುವುದು ಕಷ್ಟ. ಬಾಸ್ ಹಿಡಿಯುವವರ ದೊಡ್ಡ ದಾಖಲೆ 1932ರ ಜೂನ್ 2ರದ್ದು. ಜಾರ್ಜಿಯಾದ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸಿನ ಮೀನು, ನಮ್ಮ ಲೆಕ್ಕದಲ್ಲಿ ಹತ್ತು ಕಿಲೊ ಚಿಲ್ಲರೆ. ಅವತ್ತು ಅವನಿಗೂ ಜೊತೆಗಾರನಿಗೂ ಸೇರಿ ಇದ್ದದ್ದು ಒಂದೇ ಕೋಲು, ಒಂದೇ ಹುಸಿಮೀನು. ತೂಗಿಸಿ, ಮನೆಗೆ ಒಯ್ದು, ಮಂದಿಯೆಲ್ಲ ಉಂಡರು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗುವ ಮೀನು ಹಿಡಿದರೂ, ಎರಡು ಔನ್ಸ್ ಮೀರಬೇಕೆಂಬ ನಿಯಮದಿಂದ ಅದು ಸರಿಸಮ ಎಂದೇ ನಿಂತಿತು. ಕುರಿಟಾ ಗಾಳಕ್ಕೆ ಸಿಕ್ಕಿಸಿದ್ದು ಜೀವಂತ ಸಣ್ಣ ಮೀನನ್ನು. ಹುಡುಗನ ಡಬ್ಬಿಯಲ್ಲಿ ಹದಿನೇಳು ಬಣ್ಣದ ಹುಳಗಳಿವೆ. ಮಳೆ ಬಂದು ಎರೆಮಣ್ಣು ಕೊಚ್ಚಿ ನೀರು ಕಡಕ್ ಚಹಾ ಆದಾಗ ಮೀನಿಗೆ ಕಾಣುವುದು ಕಡುಕಪ್ಪಿನ ನೆರಳು ಮಾತ್ರ.

ಒಂದು ಕಾಲಕ್ಕೆ ಇಲ್ಲಿಯ ಹಳ್ಳಗಳಲ್ಲಿ ಎಲ್ಲರ ಕೈಯಲ್ಲೂ ಬಿದಿರು ಕೋಲು, ಕೋಲಿನಷ್ಟೇ ಉದ್ದದ ದಾರ, ಜೋಳದ ದಂಟು ಸುಲಿದು ಮಾಡಿದ ಬೆಂಡು. ದಾರ ಕೋಲಿಗಿಂತ ಉದ್ದವಿಲ್ಲದ ಮೇಲೆ ಗೂಡು ಎಲ್ಲಿ ಕಟ್ಟಬೇಕು? ಬಿಳೀ ಬೆಂಡು ಕಾಗಿಣಾ ಹೊಳೆಯ ನೀರಿನ ಮೇಲೆ ಅಲ್ಲಾಡದೆ ನಿಂತಿರುತ್ತಿತ್ತು, ಸುತ್ತ ಮಾತಿಲ್ಲದೆ ನಾಲ್ಕು ಮಂದಿ. ಬೆಂಡು ಒಮ್ಮೆ ತಲೆ ಆಡಿಸಿದರೆ ನಾಲ್ವರ ಉಸಿರೂ ನಿಲ್ಲುತ್ತಿತ್ತು. ಯಾರೂ ಯಾರಿಗೂ ರೀಲು ಕೊಡುತ್ತಿರಲಿಲ್ಲ.

ಏಳೂಕಾಲಿಗೆ ಗೂಡು ಬಿಚ್ಚಿತು. ಎಂಬತ್ತು ಮೀಟರ್ ಉಳಿಯಿತು, ಒಳಗಿನ ಇಪ್ಪತ್ತು ಮೀಟರ್ ಕತ್ತರಿಸಬೇಕಾಯಿತು. ಕತ್ತರಿಸಿದ್ದನ್ನು ಅಲ್ಲೇ ಎಸೆಯಬೇಡ, ಬೆಳ್ಳಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಅವನ ಕಿಸೆಗೇ ತುರುಕಿದ್ದಾಯಿತು. ಬ್ರೇಕು 8ಕ್ಕೆ, ಗುಬುಟು ಬಿಗಿ, ತುದಿಗೆ ಹನ್ನೆರಡು ಗ್ರಾಮಿನ ಕಪ್ಪೆ. ಮೀನು ಕಪ್ಪೆಗೆ ಹೊಡೆದ ಕೂಡಲೇ ಜಗ್ಗಬೇಡ, ತೂಕ ಕೈಗೆ ಬಂದ ಮೇಲೆ ಜಗ್ಗು ಎಂದೂ ಹೇಳಿದ್ದಾಯಿತು. ಹುಡುಗ ತಲೆ ಆಡಿಸಿದ. ಗಾಳಿ ಎದ್ದಿತ್ತು, ನೇರ ಎದುರಿನಿಂದ.

"ತಮ್ಮಾ, ಎದುರ ಗಾಳಿ ಐತಿ, ಬಾಜೂಕ ಬೀಸು—"

"ಗೊತ್ತದ ರೀ ಕಾಕಾ" ಅಂದವನೇ ಬ್ರೇಕು ಸೊನ್ನೆಗೆ ತಿರುಗಿಸಿದ.