ಬಾಲ್ ಮೂರಿದ್ರೂ ಹಿಡಿತ ಒಂದ ಇರ್ಲಿ

ಹುಬ್ಬಳ್ಳಿ-ಧಾರವಾಡದಿಂದ ಟೆನ್‌ಪಿನ್ ಬೌಲಿಂಗ್ (ದೊಡ್ಡ ಬಾಲ್ ಉರುಳಿಸಿ ಹತ್ತು ಪಿನ್ ಕೆಡವೋ ಆಟ) ಟೂರ್ನಮೆಂಟ್ ಆಡಾಕ ಹೋಗೋ ಬೌಲರ್‌ಗಳಿಗೆ ಕಳಕಳಿಯಿಂದ ಹೇಳೂದು ಇಷ್ಟ. ಹೊಸ ಬಾಲ್ ಯಾವ ಕಂಪನಿದು ತಗೋಬೇಕು ಅನ್ನೋದು ಆಮ್ಯಾಲ. ಬ್ಯಾಗಿನ್ಯಾಗ ಇರೋ ಬಾಲ್‌ಗಳ ಬೆರಳು ಹಾಕೋ ತೂತಿನ ಅಳತಿ ಒಂದಕ್ಕೊಂದು ಕೂಡ್ತಾವೇನು ಮೊದಲ ನೋಡ್ರಿ.

ಸ್ಟ್ರೈಕಿಗೆ, ಅಂದ್ರ ಮೊದಲ ಏಟಿಗೆ ಹತ್ತೂ ಪಿನ್ ಕೆಡವಾಕ, ತಿರುವು ತಗೊಳೋ ರಿಯಾಕ್ಟಿವ್ ಬಾಲ್; ಸ್ಪೇರಿಗೆ, ಅಂದ್ರ ಉಳಿದ ಪಿನ್ ಕೆಡವಾಕ, ಸೀದಾ ಹೋಗೋ ಪ್ಲಾಸ್ಟಿಕ್ ಬಾಲ್. ಪ್ಲಾಸ್ಟಿಕ್ ಬಾಲಿನ ಸ್ಪ್ಯಾನ್ (ಹೆಬ್ಬೆರಳಿನ ತೂತಿನಿಂದ ಬೆರಳಿನ ತೂತಿನ ತನಕದ ಅಂತರ) 1/8 ಇಂಚು ಉದ್ದ ಆಗಿದ್ರ ಸಾಕು, ಹೆಬ್ಬೆರಳು ತಡಾ ಮಾಡಿ ಬಿಡ್ತದ. ಬಲ ಮೂಲಿಯ 10ನೇ ಪಿನ್ ತಪ್ಪಿದ್ರ ಎಲ್ಲಾರೂ ಕೈನ ತಿದ್ದಾಕ ಹೋಗ್ತಾರ, ತೂತು ಯಾರೂ ಅಳೆಯಂಗಿಲ್ಲ. 1/8 ಇಂಚು ಅಂದ್ರ ಬರೇ ಸುಮಾರು 3 ಮಿಲಿಮೀಟರ್. ಸ್ಪ್ಯಾನ್ ಉದ್ದಾದ್ರ ಹೆಬ್ಬೆರಳಿನ ಬುಡ ನೋಯ್ತದ, ಗಿಡ್ಡಾದ್ರ ಹೆಬ್ಬೆರಳು ಮಡಚಿ ಬಾಲ್ ಹಿಂಡಬೇಕಾಗ್ತದ.

ಎಲ್ಲಾ ಬಾಲಿಗೂ ಡ್ರಿಲ್ಲರ್‌ಗೆ (ತೂತು ಕೊರೆಯವರಿಗೆ) ಒಂದ ಸ್ಪ್ಯಾನ್ ನಂಬರ್ ಕೊಟ್ರೂ ವ್ಯತ್ಯಾಸ ಬರೂದು ಹೆಚ್ಚಾಗಿ ಬೆರಳಿನ ಇನ್ಸರ್ಟಿನಿಂದ, ಅಂದ್ರ ಬೆರಳಿನ ತೂತಿನ್ಯಾಗ ಕೂಡಿಸೋ ಮೆತ್ತನ ಕೊಳವಿಯಿಂದ. ಇನ್ಸರ್ಟ್ ಕೂಡಿಸಿದ ಮ್ಯಾಲಿನ ಸ್ಪ್ಯಾನ್ ಬ್ಯಾರೆ, ಡ್ರಿಲ್ ಹೊಡೆದಾಗಿನ ಸ್ಪ್ಯಾನ್ ಬ್ಯಾರೆ. ಯಾವುದು ಅಂತ ಚೀಟಿ ಮ್ಯಾಲ ಬರಸ್ರಿ. ನಡುಬೆರಳು, ಉಂಗುರ ಬೆರಳು ಎರಡರದೂ ಸ್ಪ್ಯಾನ್ ಬ್ಯಾರೆಬ್ಯಾರೆ ಇರ್ತಾವು. ಜೊತಿಗೆ ಪಿಚ್, ಅಂದ್ರ ತೂತಿನ ವಾಲು: ಹೆಬ್ಬೆರಳಿನ ತೂತು ಒಳಗ ವಾಲಿದ್ರ ಹಿಡಿತ ಬಿಗಿ, ಹೊರಗ ವಾಲಿದ್ರ ಲಗೂನ ಬಿಡ್ತದ. ಅಕ್ಕಪಕ್ಕದ ಪಿಚ್ಚೂ ಬರಸ್ರಿ.

ರಾತ್ರಿ ರೈಲು ಇಳಿದವರ ಸೀದಾ ಡ್ರಿಲ್ಲರ್ ಕಡೆ ಹೋಗಿ ಕೈ ಅಳಸಬ್ಯಾಡ್ರಿ. ಎರಡು-ಮೂರು ಗೇಮ್ ಆಡಿ ಕೈ ಕಾದ ಮ್ಯಾಲ ಅಳಸ್ರಿ, ಯಾಕಂದ್ರ ಹೆಬ್ಬೆರಳು ಬಾಯ್ತದ, ಇಳೀತದ. ತೂತು ಒಂಚೂರು ಸಡ್ಲ ಇಟ್ಟು ಎರಡು-ಮೂರು ಪಟ್ಟಿ ಟೇಪ್ ಹಚ್ಚೂದು ಒಳ್ಳೇದು. ಬಾತಾಗ ಒಂದು ಕೀಳ್ರಿ, ಇಳಿದಾಗ ಮತ್ತ ಹಚ್ರಿ. ಅದಲಿ-ಬದಲಿ ಮಾಡೋ ಥಂಬ್ ಸ್ಲಗ್ (ಹೆಬ್ಬೆರಳಿನ ತೂತು ಇರೋ, ಬಾಲಿನ್ಯಾಗ ಕೂಡಿಸೋ ತುಂಡು) ಹಾಕಿಸಿದ್ರ ಮೂರೂ ಬಾಲಿಗೆ ಅದ ಒಂದ ತೂತು ಸಿಗ್ತದ. ನನ್ನ ಮಟ್ಟಿಗೆ ಹೊಸ ಬಾಲಿಗಿಂತ ಮೊದಲು ರೊಕ್ಕ ಹಾಕಬೇಕಾದ್ದು ಇದಕ್ಕ.

ಲೇಔಟ್, ಅಂದ್ರ ಬಾಲಿನ ಮ್ಯಾಲ ತೂತು ಎಲ್ಲಿ ಕೊರೀಬೇಕು ಅನ್ನೋದು, ಹಿಡಿತ ಸರಿಯಾದ ಮ್ಯಾಲಿನ ಮಾತು. ಅದಕ್ಕ ನಿಮ್ಮ ಪಿಎಪಿ ಬೇಕು, ಅಂದ್ರ ಬಾಲ್ ಕೈಬಿಟ್ಟಾಗ ತಿರುಗೋ ಅಚ್ಚಿನ ತುದಿ. ಅಂದಾಜಿನ ಮ್ಯಾಲ ಕಂಡು ಬಿಳಿ ಟೇಪಿನ ತುಣುಕು ಹಚ್ಚಿ ಉರುಳಸ್ರಿ. ಕೈಬಿಟ್ಟ ಕೂಡ್ಲೆ ತುಣುಕು ಅಲುಗಾಡದ ನಿಂತ್ರ ಅದ ಪಿಎಪಿ. ಗೆರಿ ಗೆರಿಯಾಗಿ ಓಡಿದ್ರ ಜಾಗ ಸರಿಸ್ರಿ. ಬಾಲಿನ ಪಿನ್ನಿನಿಂದ (ಒಳಗಿನ ಕೋರಿನ ತುದಿ ತೋರಸೋ ಬಣ್ಣದ ಚುಕ್ಕಿ) ಪಿಎಪಿಗೆ 3 3/8 ಇಂಚಿನ ಸುತ್ತಮುತ್ತ ಇಟ್ರ ಫ್ಲೇರ್, ಅಂದ್ರ ಉರುಳುವಾಗ ಬಾಲಿನ ಮ್ಯಾಲ ಎಣ್ಣಿ ಗೆರಿ ಹರಡೂದು, ಹೆಚ್ಚು.

ಹಳೇ ಬಾಲ್ ಕೊಳ್ಳವರು ತೂತು ಎಣಸ್ರಿ. ಬೆರಳು ಹಾಕದ ಬ್ಯಾಲೆನ್ಸ್ ಹೋಲ್ ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿಯ ನಿಯಮದ ಪ್ರಕಾರ 2020ರ ಆಗಸ್ಟ್ 1ರಿಂದ ನಡೆಯಂಗಿಲ್ಲ. ಅದನ್ನ ತುಂಬಿಸಿ ತೂಕ ಮತ್ತ ನೋಡಸಬೇಕು. ಏಪ್ರಿಲ್ ಬಿಸಲಾಗ ಬಾಲ್ ಕಾರಿನ ಡಿಕ್ಕಿಯೊಳಗಂತೂ ಬಿಡಬ್ಯಾಡ್ರಿ. ಬಿಸಿಗೆ ಬಾಲ್ ಸೀಳೋದು ಹೆಚ್ಚಾಗಿ ತೂತಿನ ಅಂಚಿನಿಂದ.